ಅಕ್ಕ ಖಾಲಿ ಬಿಟ್ಟ ಖಾನೆಗಳು

ಸಲೀಸು ಎಂಬುದು ಅವನ ಹೆಸರಲ್ಲ. ಯಾವ ಕೆಲಸ ಹೇಳಿದರೂ, ಅದು ಏನೆಂದು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ "ಸಲೀಸು ಬಿಡಿ" ಎನ್ನುತ್ತಿದ್ದುದರಿಂದ ಕಚೇರಿಯಲ್ಲಿ ಆ ಹೆಸರು ಬಿತ್ತು. ಅಲ್ಲಿಂದ ಬೀದಿಗೆ ಬಂತು, ಬೀದಿಯಿಂದ ಮನೆಯೊಳಕ್ಕೂ ಬಂತು. ಸ್ವಂತ ಅಕ್ಕನೇ ಹಾಗೆ ಕರೆಯತೊಡಗಿದ ಮೇಲೆ ಅವನೂ ಸುಮ್ಮನೆ ಒಪ್ಪಿಕೊಂಡ. ಇಂಥ ಹೆಸರಿನವನ ಕೈಯಲ್ಲಿ ಕೆಟ್ಟುಹೋದ ಒಂದು ಕೆಲಸದ ಕಥೆ ಇದು. ನಗು ಬಂದ ಕಡೆ ನಗಬಹುದು, ಅಡ್ಡಿಯಿಲ್ಲ. ಆ ದಿನಗಳಲ್ಲಿ ಅವನೂ ನಕ್ಕಿದ್ದ. ಈಗ ಆ ಮಾತು ಬಂದರೆ ಎದ್ದು ಹೋಗುತ್ತಾನೆ.

ಅವನು ಕೆಲಸಕ್ಕಿದ್ದುದು ಮದುವೆ ಕೂಡಿಸುವ ಕಚೇರಿಯಲ್ಲಿ. ಆರು ಮಹಡಿಯ ಹಳೆಯ ಕಟ್ಟಡ. ಎರಡನೆಯ ಮಹಡಿಯಲ್ಲಿ ಇವರ ಕಚೇರಿ, ತುದಿಯಲ್ಲಿ ಹಲ್ಲಿನ ಡಾಕ್ಟರು, ನಡುವೆ ಮನಸ್ಸು ಬಂದಾಗ ಕೈಕೊಡುವ ಒಂದು ಲಿಫ್ಟು. ಕಚೇರಿಯ ಯಜಮಾನಿಯವರು ಬಹಳ ವರ್ಷಗಳಿಂದ ಜನರನ್ನು ಎದುರಿಗೆ ಕೂರಿಸಿಕೊಂಡು, ಅವರ ಹೊಟ್ಟೆಯಲ್ಲಿದ್ದುದನ್ನು ಮಾತಿನಲ್ಲೇ ಹೊರಗೆ ತೆಗೆದು ಜೋಡಿ ಮಾಡುತ್ತ ಬಂದವರು. ಈಚೆಗೆ ಎದುರಿಗೆ ಬಂದು ಕೂರುವವರು ಕಡಿಮೆಯಾದರು. ಎಲ್ಲವೂ ಕಂಪ್ಯೂಟರಿನಲ್ಲೇ ಆಗಬೇಕು ಎಂದಾಯಿತು. ಹೀಗೆ ಕಂಪ್ಯೂಟರಿನ ಜೊತೆಗೆ ಸಲೀಸು ಬಂದ.

ಅವನು ಕಟ್ಟಿದ ವ್ಯವಸ್ಥೆ ಕೆಟ್ಟದ್ದೇನಾಗಿರಲಿಲ್ಲ. ಒಬ್ಬೊಬ್ಬ ಸದಸ್ಯರಿಗೂ ಎರಡೆರಡು ಕಪಾಟು ಇದ್ದ ಹಾಗೆ. ಒಂದರ ಮೇಲೆ 'ನಾನು' ಎಂದು ಬರೆದಿದೆ, ಇನ್ನೊಂದರ ಮೇಲೆ 'ನನಗೆ ಬೇಕಾದವರು' ಎಂದು. ಎರಡರಲ್ಲೂ ಖಾನೆಗಳು ಒಂದೇ: ಗಂಡೋ ಹೆಣ್ಣೋ, ವಯಸ್ಸು, ಎತ್ತರ, ಉದ್ಯೋಗ, ಸ್ವಭಾವ, ಹವ್ಯಾಸ, ಆರೋಗ್ಯ. ಈ ಎರಡು ಕಪಾಟು ಸೇರಿ ಒಂದು ಪುಟ. ಪುಟದ ಮೇಲೆ ಹೆಸರಿಲ್ಲ, ಫೋಟೋ ಇಲ್ಲ, ಸಂಖ್ಯೆ ಮಾತ್ರ. ಎರಡೂ ಕಡೆಯವರು ಒಪ್ಪಿದ ಮೇಲೆಯೇ ಮುಖ ನೋಡುವ ಮಾತು.

ತೊಡಕು ಬಂದದ್ದು ಎರಡನೆಯ ಕಪಾಟಿನಲ್ಲಿ. ನಿಮ್ಮ ಬಗ್ಗೆ ಬರೆಯಿರಿ ಎಂದರೆ ಜನ ಕೈ ನೋಯುವ ತನಕ ಬರೆದರು. ಬೇಕಾದವರ ಬಗ್ಗೆ ಬರೆಯಿರಿ ಎಂದರೆ ಅರ್ಧಕ್ಕರ್ಧ ಜನ ಖಾಲಿ ಬಿಟ್ಟರು. ಕೆಲವರಿಗೆ ಸಂಕೋಚ, ಕೆಲವರಿಗೆ ಸೋಮಾರಿತನ, ಇನ್ನು ಕೆಲವರಿಗೆ ಕೇಳಿದ್ದು ಸಿಕ್ಕಿ ಅಭ್ಯಾಸವೇ ಇರಲಿಲ್ಲ. ಖಾಲಿ ಬಿಟ್ಟವರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿ, ಏನು ಬೇಕೆಂದು ಬಾಯಿಬಿಟ್ಟು ಕೇಳಿ ತುಂಬಿಸು ಎಂದು ಯಜಮಾನಿ ಹೇಳಿದರು. ಸಲೀಸು ಬಿಡಿ ಎಂದ.

ಮೊದಲನೆಯ ಫೋನಿಗೆ ಸಿಕ್ಕ ಹೆಂಗಸು ತನಗೆ ಎಂಥ ಗಂಡ ಬೇಕೆಂದು ಹೇಳುವ ಬದಲು ತನ್ನ ತಂಗಿಗೆ ಎಂಥ ಗಂಡ ಸಿಕ್ಕಿದ ಎಂಬುದನ್ನು ಊಟದ ಹೊತ್ತಿನವರೆಗೆ ಹೇಳಿದಳು. ಸಲೀಸುವಿನ ಕಿವಿ ಕಾದು ಕೆಂಪಾಯಿತು. ಫೋನು ಕೆಳಗಿಟ್ಟವನು ಮತ್ತೆ ಎತ್ತಲಿಲ್ಲ. ಇಂಥ ಕತ್ತೆ ಚಾಕರಿ ಕಂಪ್ಯೂಟರು ಬಲ್ಲವನಿಗಲ್ಲ ಎಂದು ಅವನ ಆತ್ಮಗೌರವ ಎದ್ದು ನಿಂತಿತು. ಹಿಂದಿನ ಕೆಲಸದಲ್ಲಿ ಅವನು ಜನರ ಖಾಯಂ ವಿಳಾಸವನ್ನು ಸದ್ಯದ ವಿಳಾಸದ ಜಾಗಕ್ಕೆ ಒಂದೇ ಏಟಿಗೆ ದಾಟಿಸಿ ಶಹಬ್ಬಾಸ್ ಗಿಟ್ಟಿಸಿದ್ದ. ಅದೇ ಪ್ರೋಗ್ರಾಮು ಜೇಬಿನಲ್ಲಿತ್ತು. ಅದಕ್ಕೆ ಅಪ್ಪಣೆ ಕೊಟ್ಟ: ಎರಡು ಕಪಾಟನ್ನೂ ನೋಡು. ಎರಡರಲ್ಲೂ ಒಂದೇ ಹೆಸರಿನ ಖಾನೆ ಇದ್ದು, ಎರಡನೆಯದು ಖಾಲಿ ಇದ್ದರೆ, ಮೊದಲನೆಯದರಲ್ಲಿ ಇದ್ದುದನ್ನೇ ಅಲ್ಲಿಗೆ ನಕಲು ಮಾಡು. ಗಂಡೋ ಹೆಣ್ಣೋ ಎಂಬ ಖಾನೆಯನ್ನು ಮಾತ್ರ ಮುಟ್ಟಬೇಡ ಎಂದು ಸೇರಿಸಿದ. ಅಷ್ಟು ಬುದ್ಧಿ ಅವನಿಗಿತ್ತು. ಅಷ್ಟೇ ಇತ್ತು.

ಟೀ ತಣ್ಣಗಾಗುವುದರೊಳಗೆ ಎಲ್ಲ ಖಾನೆಗಳೂ ತುಂಬಿಹೋದವು. ಮುಂದೆ ಬರುವ ಪುಟಗಳಿಗೂ ಅದೇ ಏರ್ಪಾಡಾಯಿತು. ಆಮೇಲೆ ಬಿಡುವಾದಾಗ ಒಂದೊಂದನ್ನೇ ಸರಿಮಾಡಿದರಾಯಿತು ಎಂದು ಅವನ ಲೆಕ್ಕ. ಇಷ್ಟು ಬೇಗ ಅಷ್ಟೂ ಜನರನ್ನು ಕೇಳಿದೆಯಾ ಎಂದು ಯಜಮಾನಿ ಕಣ್ಣರಳಿಸಿದಾಗ, ಎಲ್ಲವೂ ಅವರವರು ಕೊಟ್ಟದ್ದೇ ಮೇಡಂ ಎಂದ. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಎಂದಾದರೂ ಸಿಕ್ಕಿಬೀಳುತ್ತಿದ್ದ.

ಹೀಗಾಗಿ ಆ ಊರಿನಲ್ಲಿ ಖಾಲಿ ಬಿಟ್ಟವರೆಲ್ಲರೂ ರಾತ್ರಿ ಬೆಳಗಾಗುವುದರಲ್ಲಿ ತಮ್ಮಂಥವರನ್ನೇ ಬಯಸುವವರಾದರು. ಗೊರಕೆ ಹೊಡೆಯುತ್ತೇನೆ ಎಂದು ಪ್ರಾಮಾಣಿಕವಾಗಿ ಬರೆದುಕೊಂಡಿದ್ದ ಆಡಿಟರಿಗೆ ಗೊರಕೆ ಹೊಡೆಯುವ ಹೆಂಡತಿಯೇ ಬೇಕಾದಳು. ಮುಂಗೋಪ ಎಂದು ಬರೆದುಕೊಂಡಿದ್ದ ಒಬ್ಬ ಗಂಡಸಿಗೂ ಒಬ್ಬ ಹೆಂಗಸಿಗೂ ತಾಳೆ ಬಿತ್ತು. ಅವರಿಬ್ಬರನ್ನು ಕಚೇರಿಯ ಹೊರಕೋಣೆಯಲ್ಲಿ ಭೇಟಿ ಮಾಡಿಸಿದ ದಿನ ಹೂದಾನಿಯೂ ಒಂದು ಕುರ್ಚಿಯ ಕಾಲೂ ಹೋದವು. ಸಂಚಾರಿ ಪೊಲೀಸರೊಬ್ಬರು ಸಮವಸ್ತ್ರದಲ್ಲೇ ಮೆಟ್ಟಿಲು ಹತ್ತಿ ಬಂದರು. ಅವರ ಹವ್ಯಾಸ ಮೀಸೆಯ ಆರೈಕೆ. ಮೀಸೆಯ ಆರೈಕೆ ಮಾಡುವ ಹೆಂಡತಿ ಬೇಕೆಂದು ನನ್ನ ಪುಟದಲ್ಲಿ ಬರೆದವನು ಯಾರು ಎಂದು ಅವರು ಲಾಠಿಯನ್ನು ಮೇಜಿನ ಮೇಲಿಟ್ಟು ಕೇಳಿದರು.

"ನಿಮ್ಮದೇ ಮಾತು ಸಾರ್," ಎಂದ ಸಲೀಸು. "ಕಂಪ್ಯೂಟರ್ ತಾನಾಗಿ ಏನೂ ಬರೆಯಲ್ಲ."

ಪೊಲೀಸರು ಪರದೆಯನ್ನು ನೋಡಿದರು, ಮೀಸೆ ಮುಟ್ಟಿಕೊಂಡರು, ಮತ್ತೆ ಪರದೆಯನ್ನು ನೋಡಿದರು. ಕಂಪ್ಯೂಟರು ಹೀಗೆಂದು ಹೇಳಿದ ಮೇಲೆ ಮನುಷ್ಯನಿಗೆ ತನ್ನ ಮೇಲೇ ಅನುಮಾನ ಬರುತ್ತದೆ. ನನ್ನ ಮೀಸೆಯ ಆರೈಕೆ ಅವಳು ಮಾಡಲಿ ಎಂಬ ಅರ್ಥದಲ್ಲಿ ಬರೆದಿದ್ದೆನೇನೋ ಎಂದು ಅವರು ತಮಗೆ ತಾವೇ ಹೇಳಿಕೊಂಡು, ಸ್ವಲ್ಪ ನಾಚಿಕೊಂಡು ಮೆಟ್ಟಿಲಿಳಿದರು. ಆ ದಿನದಿಂದ ಸಲೀಸುವಿಗೆ ಧೈರ್ಯ ಬಂತು. ಯಾರು ಬಂದು ಏನು ಕೇಳಿದರೂ ಅವನ ಉತ್ತರ ಒಂದೇ ಆಯಿತು: ಬರೆದವರು ನೀವು.

ಯಜಮಾನಿಗೆ ಮಾತ್ರ ಒಳಗೊಳಗೇ ಏನೋ ವಾಸನೆ ಹೊಡೆಯಿತು. ಕರೆದು ಕೇಳಿಯೇಬಿಡಬೇಕು ಎಂದುಕೊಂಡಿದ್ದರೋ ಏನೋ. ಆ ವಾರವೇ ಮಿತಭಾಷಿಗಳಾದ ಒಬ್ಬ ಗಡಿಯಾರ ರಿಪೇರಿಯವರೂ ಒಬ್ಬ ಗ್ರಂಥಪಾಲಕಿಯೂ ಹೊರಕೋಣೆಯಲ್ಲಿ ಎದುರುಬದುರು ಕುಳಿತು, ಬಾಗಿಲು ಹಾಕುವ ಹೊತ್ತಿನವರೆಗೆ ಒಂದು ಮಾತೂ ಆಡದೆ, ಹೊರಡುವಾಗ ಇಬ್ಬರೂ ತಲೆ ಅಲ್ಲಾಡಿಸಿ ಮದುವೆಗೆ ಒಪ್ಪಿದರು. ಇಷ್ಟು ಸುಖವಾದ ಜೋಡಿಯನ್ನು ತಮ್ಮ ಅನುಭವದಲ್ಲೇ ನೋಡಿಲ್ಲ ಎಂದು ಯಜಮಾನಿ ಕಣ್ಣೊರಸಿಕೊಂಡರು. ಸಲೀಸುವಿನ ಕೆಲಸ ಉಳಿಯಿತು. ಅವತ್ತೇ ಹೋಗಿದ್ದರೆ ಚೆನ್ನಾಗಿತ್ತು.

ಏಕೆಂದರೆ ಖಾಲಿ ಬಿಟ್ಟವರಲ್ಲಿ ಅವನ ಅಕ್ಕನೂ ಒಬ್ಬಳು.

ಅಕ್ಕನಿಗೆ ನಲವತ್ತೊಂದು. ಅವಳ ಕೆಲಸ ಹಲ್ಲು ಮಾಡುವುದು. ಡಾಕ್ಟರುಗಳು ಅಚ್ಚು ತೆಗೆದು ಕಳಿಸಿದ ಬಾಯಿಗಳಿಗೆ ಅವಳು ಹಲ್ಲಿನ ಸೆಟ್ಟು ಕೂರಿಸುತ್ತಾಳೆ, ಉಜ್ಜುತ್ತಾಳೆ, ಬಣ್ಣ ಹೊಂದಿಸುತ್ತಾಳೆ. ಊರಿನಲ್ಲಿ ವಯಸ್ಸಾದವರು ನಕ್ಕರೆ ಅದರಲ್ಲಿ ಕಾಲುಭಾಗ ನನ್ನ ನಗು ಎಂದು ಅವಳ ತಮಾಷೆ. ಅಮ್ಮ ತೀರಿಕೊಂಡಾಗ ಸಲೀಸು ಇನ್ನೂ ಶಾಲೆಗೆ ಹೋಗುತ್ತಿದ್ದ. ಅವನು ಓದಲಿ, ಆಮೇಲೆ ನೋಡೋಣ ಎಂದಳು. ಓದಿದ ಮೇಲೆ ಕೆಲಸ ಸಿಗಲಿ ಎಂದಳು. ಕೆಲಸ ಸಿಗುವ ಹೊತ್ತಿಗೆ ಅಕ್ಕನ ಮದುವೆಯ ಮಾತು ಎತ್ತುವವರೇ ಉಳಿದಿರಲಿಲ್ಲ. ಅವಳದಾಗದೆ ನನ್ನದು ಬೇಡ ಎಂದು ಸಲೀಸು ಹಟ ಹಿಡಿದು, ತನ್ನ ಕಚೇರಿಯಲ್ಲೇ ಅವಳಿಗೊಂದು ಪುಟ ಮಾಡಿಸಿದ್ದ. ಅವನು ಒಳ್ಳೆಯವನೇ. ಅವನ ಒಳ್ಳೆಯತನದ ಬಗ್ಗೆ ಈ ಕಥೆಯಲ್ಲಿ ಯಾರದೂ ತಕರಾರಿಲ್ಲ.

'ನಾನು' ಎಂಬ ಕಪಾಟನ್ನು ಅಕ್ಕ ನೇರವಾಗಿ ತುಂಬಿದ್ದಳು. ಎತ್ತರ, ಐದಡಿ. ಉದ್ಯೋಗ, ಹಲ್ಲು ತಯಾರಿಕೆ. ಸ್ವಭಾವ, ಹೇಳಿದ್ದನ್ನೇ ಹೇಳುವುದು. ಹವ್ಯಾಸ, ಪದಬಂಧ. ಆರೋಗ್ಯ, ಎಡಗಿವಿ ಮಂದ. 'ನನಗೆ ಬೇಕಾದವರು' ಎಂಬ ಕಡೆ ಏನನ್ನೂ ಬರೆಯಲಿಲ್ಲ. ಬಂದವರು ಬಂದ ಹಾಗೆ ಬರಲಿ, ನೋಡೋಣ ಎಂದುಬಿಟ್ಟಳು. ತನಗೆ ಏನು ಬೇಕು ಎಂದು ಯಾರೂ ಅವಳನ್ನು ಕೇಳಿ ಬಹಳ ಕಾಲವಾಗಿತ್ತು.

ಆ ಪುಟ ಮಾಡಿಸಿದ ಕೆಲವು ದಿನಕ್ಕೆ ಅಕ್ಕ ಅದೇ ಕಟ್ಟಡದ ತುದಿಯ ಹಲ್ಲಿನ ಡಾಕ್ಟರಿಗೆ ಒಂದು ಸೆಟ್ಟು ಒಪ್ಪಿಸಲು ಹೋಗುವಾಗ ಲಿಫ್ಟು ನಾಲ್ಕಕ್ಕೂ ಐದಕ್ಕೂ ನಡುವೆ ನಿಂತುಹೋಯಿತು. ಮನೆಗೆ ಬಂದು ಅವಳು ಹೇಳಿದ್ದು ಇಷ್ಟೇ: ಲಿಫ್ಟು ಕೆಟ್ಟಿತ್ತು, ಯಾರೋ ರಿಪೇರಿಯವರು ಬಂದು ಬಿಡಿಸಿದರು. ಆದರೆ ಊಟಕ್ಕೆ ಕೂತಾಗ ಒಮ್ಮೆ ಹೇಳಿದಳು, ಕೈ ತೊಳೆಯುವಾಗ ಒಮ್ಮೆ, ಮರುದಿನ ಮತ್ತೊಮ್ಮೆ. ಹೇಳಿದ್ದನ್ನೇ ಹೇಳುವುದು ಅವಳ ಸ್ವಭಾವವಲ್ಲವೇ ಎಂದುಕೊಂಡ ಸಲೀಸು. ಅಲ್ಲಿಂದ ಮುಂದೆ ಅವಳು ಹಲ್ಲಿನ ಸೆಟ್ಟುಗಳನ್ನು ಬೇರೆಯವರ ಕೈಯಲ್ಲಿ ಕಳಿಸದೆ ತಾನೇ ತೆಗೆದುಕೊಂಡು ಹೋದಳು. ನಮ್ಮ ಪುಟ ಯಾರಾದರೂ ನೋಡಿದರಾ ಎಂದು ನಡುನಡುವೆ, ಏನೂ ಅಲ್ಲವೆಂಬಂತೆ ಕೇಳಿದಳು. ಹೊಸ ವ್ಯವಸ್ಥೆ, ಸ್ವಲ್ಪ ತಡಿ ಎಂದ ಸಲೀಸು.

ಆ ಲಿಫ್ಟಿನವರಿಗೆ ಐವತ್ತರ ಹತ್ತಿರದ ವಯಸ್ಸು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆರಡಿಗೆ ಕೂದಲೆಳೆ ಕಡಿಮೆ. ಎಲ್ಲ ಬಾಗಿಲುಗಳಿಗೂ ಅಭ್ಯಾಸಬಲದಿಂದ ತಲೆ ತಗ್ಗಿಸಿ ಒಳಗೆ ಬರುವ ಮನುಷ್ಯ. ಅವರು ಬರೆದದ್ದಕ್ಕೆ ಬಹಳ ಬೆಲೆ ಕೊಡುವವರು. ಲಿಫ್ಟಿನ ಫಲಕದಲ್ಲಿ ಎಂಟು ಜನ ಎಂದಿದ್ದರೆ, ಒಂಬತ್ತನೆಯದು ಕೈಗೂಸಾದರೂ ಹೊರಗೆ ನಿಲ್ಲಿಸುತ್ತಿದ್ದರು. ಅವತ್ತು ಲಿಫ್ಟಿನ ನೆತ್ತಿಯ ಮೇಲೆ ಕೂತು ಸರಿಮಾಡುತ್ತ, ಒಳಗಿದ್ದ ಹೆಂಗಸಿಗೆ ಭಯವಾಗದಿರಲೆಂದು ಮಾತಾಡಿಸುತ್ತಲೇ ಇದ್ದರು. ಬಲಗಿವಿಯ ಕಡೆಯಿಂದ ಮಾತಾಡಿ, ಎಡಗಡೆ ಕೇಳಲ್ಲ ಎಂದು ಅವಳು ಕೆಳಗಿನಿಂದ ಹೇಳಿದಳು. ಅವರು ಸ್ಪ್ಯಾನರು ಹಿಡಿದುಕೊಂಡೇ ಆಚೆ ಬದಿಗೆ ಸರಿದು ಕೂತರು. ಅವಳ ಹಲ್ಲಿನ ಕೆಲಸ, ಪದಬಂಧದ ಹುಚ್ಚು ಎಲ್ಲವೂ ಮಾತಿಗೆ ಬಂದವು. ಕಚೇರಿಗೆ ಬಂದು ತಮ್ಮದೂ ಒಂದು ಪುಟ ಮಾಡಿಸಿಕೊಂಡದ್ದು ಅದಾದ ಮೇಲೆ.

ಹಲ್ಲು ಮಾಡುವ, ಎಡಗಿವಿ ಮಂದವಾದ, ಪದಬಂಧ ಬಿಡಿಸುವ ಹೆಂಗಸು ಊರಿಗೆ ಒಬ್ಬಳೇ. ಪುಟಗಳನ್ನು ನೋಡುತ್ತ ಹೋದಾಗ, ಒಂದು ಸಂಖ್ಯೆಯ ಹಿಂದೆ ಯಾರಿದ್ದಾರೆಂದು ಅವರಿಗೆ ಕೂಡಲೇ ತಿಳಿಯಿತು. ಬೇಕಾದವರು ಎಂಬ ಕಡೆ ಕಣ್ಣು ಹಾಯಿಸಿದರು. ಎತ್ತರ ಐದಡಿ, ಉದ್ಯೋಗ ಹಲ್ಲು ತಯಾರಿಕೆ, ಎಡಗಿವಿ ಮಂದ. ಇವರ ಮುಖ ಸಣ್ಣದಾಯಿತು. ಅವಳು ಸಲೀಸುವಿನ ಅಕ್ಕ ಎಂಬುದು ಅವರಿಗೆ ಗೊತ್ತಿಲ್ಲ. ಅವರ ಮನಸ್ಸಿನಲ್ಲಿ ಇರುವವಳು ಯಾರೆಂಬುದು ಸಲೀಸುವಿಗೆ ಗೊತ್ತಿಲ್ಲ. ಅವನ ಮೇಜಿನ ಮುಂದೆ ಬಂದು ನಿಂತರು. ಒಳಕೋಣೆಯ ಬಾಗಿಲು ತೆರೆದಿತ್ತು, ಯಜಮಾನಿ ಕಿವಿ ಇಲ್ಲೇ ಇಟ್ಟಿದ್ದರು.

"ಒಬ್ಬರು ಬೇಕಾದವರ ಎತ್ತರ ಐದಡಿ ಅಂತ ಹಾಕಿದ್ದಾರೆ," ಎಂದರು ಲಿಫ್ಟಿನವರು. "ಇದರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ನಡೆಯುತ್ತಾ?"

"ಅದನ್ನ ಹಾಕಿರೋದು ಅವರೇ ಸಾರ್. ನಿಮ್ಮ ಲಿಫ್ಟಲ್ಲಿ ಎಂಟು ಜನ ಅಂತ ಬರೆದಿದ್ರೆ ಹತ್ತು ಜನ ಹತ್ತಿಸ್ತೀರಾ?"

ಲಿಫ್ಟಿನವರು ಇಲ್ಲ ಎಂದು ತಲೆಯಾಡಿಸಿದರು. ಅವರಿಗೆ ಇದಕ್ಕಿಂತ ಅರ್ಥವಾಗುವ ಉತ್ತರ ಇರಲು ಸಾಧ್ಯವಿರಲಿಲ್ಲ. ಯಜಮಾನಿಯ ಕಿವಿಗೆ ಬೀಳುವಂತೆ ಇಂಥ ಸೊಗಸಾದ ಉತ್ತರ ಕೊಟ್ಟೆನಲ್ಲ ಎಂದು ಸಲೀಸು ಉಬ್ಬಿದ. ಯಾರ ಪುಟ ಎಂದು ಮಾತ್ರ ಕೇಳಲಿಲ್ಲ.

ಆದರೂ ಆ ಮನುಷ್ಯ ಸುಲಭವಾಗಿ ಕೈಬಿಡಲಿಲ್ಲ. ಎತ್ತರ ತಮ್ಮ ಕೈಯಲ್ಲಿಲ್ಲ, ಮಿಕ್ಕದ್ದನ್ನಾದರೂ ನೋಡೋಣ ಎಂದು ಹೊರಟರು. ದಿನಪತ್ರಿಕೆಯ ಪದಬಂಧ ಹಿಡಿದು ಲಿಫ್ಟಿನ ನೆತ್ತಿಯ ಮೇಲೆ ಕೂತರು. ಒಂದು ಪದ ಹೊಳೆಯದೆ ಇಡೀ ಕಟ್ಟಡ ಮೆಟ್ಟಿಲು ಹತ್ತಿದ ದಿನವೂ ಇತ್ತು. ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಈ ವಯಸ್ಸಿನಲ್ಲಿ ಹಲ್ಲು ಮಾಡುವುದನ್ನು ಕಲಿಯಬಹುದೇ ಎಂದು ಕೇಳಬೇಕೆಂದುಕೊಂಡರು. ಬಂದವರನ್ನು ಸುಮ್ಮನೆ ಕಳಿಸುವ ಅಭ್ಯಾಸ ಆ ಡಾಕ್ಟರಿಗಿರಲಿಲ್ಲ. ಹಲ್ಲಿನ ವಿಷಯ ಎಂದು ಇವರು ಶುರುಮಾಡುವಷ್ಟರಲ್ಲಿ ಬಾಯಿ ತೆರೆಸಿ ಒಂದು ದವಡೆಹಲ್ಲು ಕಿತ್ತರು. ಕೊನೆಗೆ ಕಿವಿಯ ಡಾಕ್ಟರ ಹತ್ತಿರವೂ ಹೋದರು. ಎರಡೂ ಕಿವಿ ಬಹಳ ಚುರುಕಾಗಿವೆ, ಇಂಥ ಕಿವಿ ಅಪರೂಪ ಎಂದು ಡಾಕ್ಟರು ಬೆನ್ನು ತಟ್ಟಿದರು. ಎಡಗಿವಿಯನ್ನಾದರೂ ಇನ್ನೊಮ್ಮೆ ನೋಡಿ ಎಂದು ಇವರು ಬೇಡಿಕೊಂಡರು. ಕಿವಿ ಚೆನ್ನಾಗಿದೆ ಎಂದದ್ದಕ್ಕೆ ಕಣ್ಣಲ್ಲಿ ನೀರು ತಂದುಕೊಂಡ ರೋಗಿಯನ್ನು ಆ ಡಾಕ್ಟರು ಆವರೆಗೆ ಕಂಡಿರಲಿಲ್ಲ.

ಊದಿದ ಕೆನ್ನೆ ಹೊತ್ತು ಅವರು ಮತ್ತೆ ಸಲೀಸುವಿನ ಮುಂದೆ ನಿಂತರು. ಎಲ್ಲ ಖಾನೆಯೂ ಹೊಂದಲೇಬೇಕೇ, ಪದಬಂಧದಂಥದ್ದು ಒಂದು ಹೊಂದಿದರೆ ಮಿಕ್ಕದ್ದನ್ನು ಮನ್ನಿಸುತ್ತಾರೆಯೇ ಎಂದು ಕೇಳಿದರು. ಎಲ್ಲ ಹೊಂದಿದವರೇ ನಿಮಗೆ ಇರುವಾಗ ಹೊಂದದವರ ಚಿಂತೆ ಏಕೆ ಎಂದು ಸಲೀಸು ಉದಾರವಾಗಿ ಪರದೆಯನ್ನು ಅವರ ಕಡೆ ತಿರುಗಿಸಿದ. ದೊಡ್ಡ ಕಟ್ಟಡಗಳ ಕೆಲಸದಲ್ಲಿ ಕ್ರೇನು ನಡೆಸುವ ಒಬ್ಬರು. ಎತ್ತರದ ಹೆಂಗಸು. ಬೇಕಾದವರು: ಎತ್ತರದವರು, ಯಂತ್ರದ ಕೆಲಸದವರು, ಕಡಿಮೆ ಮಾತಿನವರು, ಎರಡೂ ಕಿವಿ ಚುರುಕಾಗಿರುವವರು.

"ನಿಮ್ಮನ್ನೇ ನೋಡಿ ಬರೆದ ಹಾಗಿದೆ," ಎಂದ ಸಲೀಸು.

ಲಿಫ್ಟಿನವರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನೋಡಿದರು.

ಆಮೇಲಿನ ತಿಂಗಳು ಅವರಿಬ್ಬರೂ ಜೊತೆಯಾಗಿ ಕಚೇರಿಗೆ ಬಂದರು. ಮದುವೆ ಗೊತ್ತಾಗಿತ್ತು. ಪುಟಗಳನ್ನು ತೆಗೆಸಿ, ಸಿಹಿ ಹಂಚಿ ಹೋಗಲು ಬಂದಿದ್ದರು. ಯಜಮಾನಿ ಎದ್ದು ಬಂದು ಇಬ್ಬರ ಕೈಯನ್ನೂ ಹಿಡಿದುಕೊಂಡರು. ಕ್ರೇನಿನವರು ದೊಡ್ಡ ಅಂಗೈಗಳ, ಸಂಕೋಚದ ಹೆಂಗಸು. ನನ್ನಂಥವಳನ್ನೇ ಬೇಕು ಅಂತ ಒಬ್ಬರು ಬರೆದಿರ್ತಾರೆ ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ ಎಂದರು. ಲಿಫ್ಟಿನವರು ತಾವೂ ಹಾಗೆಯೇ ಎಂದರು. ಅವರ ಪುಟದಲ್ಲೂ ಆ ಖಾನೆಗಳನ್ನು ತುಂಬಿದ್ದು ಅವರಲ್ಲ.

ಹೊರಡುವ ಮುಂಚೆ ಲಿಫ್ಟಿನವರು ಸಲೀಸುವನ್ನು ಕಿಟಕಿಯ ಕಡೆ ಕರೆದು ಕೃತಜ್ಞತೆ ಹೇಳಿದರು.

"ನೀವು ಅವತ್ತು ಖಂಡಿತವಾಗಿ ಹೇಳಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ನಾನು ಹೋಗಿ ಕೇಳಿಬಿಡ್ತಿದ್ದೆ. ಪಾಪ, ಅವರಿಗೆ ಎಡಗಿವಿ ಮಂದ ಇರೋ, ಹಲ್ಲು ಮಾಡೋರೇ ಬೇಕಂತೆ. ನಾನು ಹಲ್ಲು ಕೀಳಿಸಿಕೊಂಡು, ಕಿವಿ ತೋರಿಸಿಕೊಂಡು ಬಂದದ್ದೇ ಬಂತು. ಮುಖದ ಮೇಲೆ ಇಲ್ಲ ಅನ್ನೋಕೆ ಅವರಿಗೂ ಕಷ್ಟ ಆಗ್ತಿತ್ತು."

ಸಲೀಸು ಬಾಯಲ್ಲಿದ್ದ ಸಿಹಿ ನುಂಗಲೂ ಆಗದೆ ಉಗುಳಲೂ ಆಗದೆ ನಿಂತ. ಆ ಕಡೆ ಕ್ರೇನಿನವರು ಯಜಮಾನಿಯ ಮಾತಿಗೆ ನಗುತ್ತಿದ್ದರು. ಅವರ ಮುಂದೆ ಏನು ಹೇಳುವುದು? ಅದು ಅಕ್ಕ ಬರೆದದ್ದಲ್ಲ, ನನ್ನ ಪ್ರೋಗ್ರಾಮು ಬರೆದದ್ದು ಎಂದರೆ, ಇವರಿಬ್ಬರ ಪುಟದಲ್ಲಿರುವುದೂ ಇವರು ಬರೆದದ್ದಲ್ಲ ಎನ್ನಬೇಕಾಗುತ್ತದೆ. ಒಳ್ಳೆಯದಾಗಲಿ ಎಂದ. ಅವನ ಜನ್ಮದಲ್ಲಿ ಅವನಿಗೆ ಸಲೀಸಾಗದ ಮೊದಲ ಮಾತು ಅದು.

ಅವತ್ತು ಬೇಗ ಮನೆಗೆ ಹೋದ. ಅಕ್ಕ ಕಿಟಕಿಯ ಬೆಳಕಿನಲ್ಲಿ ಕೂತು ಒಂದು ಮೇಲ್ದವಡೆಯ ಸೆಟ್ಟನ್ನು ನಯ ಮಾಡುತ್ತಿದ್ದಳು. ಅವನು ಅವಳ ಬಲಗಡೆಗೆ ಹೋಗಿ ಕೂತ. ಕಪಾಟುಗಳ ವಿಷಯ, ನಕಲಿನ ವಿಷಯ, ಲಿಫ್ಟಿನವರು ಕೇಳಿದ್ದು, ತಾನು ಹೇಳಿದ್ದು, ಅವರ ದವಡೆಹಲ್ಲು, ಕಿವಿಯ ಡಾಕ್ಟರು, ಕ್ರೇನಿನವರು, ಎಲ್ಲವನ್ನೂ ಹೇಳಿದ. ಕೊನೆಗೆ ಅವಳ ಪುಟವನ್ನು ತೆರೆದು ತೋರಿಸಿದ.

ಅಕ್ಕ ಕನ್ನಡಕ ಸರಿಮಾಡಿಕೊಂಡು ಓದಿದಳು. ಮೊದಲು ನಗು ಬಂತು. ಗಂಡ ಹೆಂಡತಿ ಇಬ್ಬರಿಗೂ ಎಡಗಿವಿ ಕೇಳಿಸದಿದ್ದರೆ ಯಾವ ಮಗ್ಗುಲಿಗೆ ಯಾರು ಮಲಗಬೇಕು ಎಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಕನ್ನಡಕ ತೆಗೆದಳು, ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಳ್ಳಲಿಲ್ಲ.

"ಕಿವಿ ತೋರಿಸಿಕೊಂಡು ಬಂದ್ರಾ ಅವರು?" ಎಂದಳು.

"ಹೂಂ."

ಅವಳು ಮತ್ತೆ ಸೆಟ್ಟನ್ನು ಕೈಗೆತ್ತಿಕೊಂಡು ಉಜ್ಜಿದಲ್ಲೇ ಉಜ್ಜತೊಡಗಿದಳು. ಸಲೀಸುವಿಗೆ ಅದು ತಡೆಯಲಾಗಲಿಲ್ಲ. ನಾಳೆಯೇ ಹೋಗಿ ಅವರ ಕಾಲು ಹಿಡಿಯುತ್ತೇನೆ, ಎಲ್ಲ ನನ್ನ ತಪ್ಪು ಎಂದು ಹೇಳುತ್ತೇನೆ, ಮದುವೆಗೆ ಇನ್ನೂ ದಿನವಿದೆ ಎಂದ.

"ಆ ಹೆಂಗಸಿಗೆ ಏನು ಹೇಳ್ತೀಯ?" ಎಂದು ಕೇಳಿದಳು ಅಕ್ಕ.

ಅವನು ಹಲ್ಲಿನ ಡಬ್ಬಿಯ ಮುಚ್ಚಳ ತೆಗೆದು ಅವಳ ಕಡೆ ಸರಿಸಿದ.

"ಯಾರೋ ನನ್ನಂಥವಳನ್ನೇ ಕೇಳಿದ್ರು ಅಂತ ಖುಷಿಯಾಗಿದ್ದಾಳೆ. ಇಲ್ಲ, ಯಾರೂ ಕೇಳಿರಲಿಲ್ಲ ಅಂತ ಹೋಗಿ ಹೇಳ್ತೀಯಾ? ಬೇಡ ಕಣೋ. ಅದು ಹೇಗಿರುತ್ತೆ ಅಂತ ನನಗೆ ಗೊತ್ತು."

ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕಂದಿನಲ್ಲಿ ಕಿವಿ ಹಿಂಡುತ್ತಿದ್ದ ಹಾಗೆ ಹಿಂಡಿದ್ದರೆ ಇನ್ನೂ ಚೆನ್ನಾಗಿತ್ತು. ಅವಳು ಹಲ್ಲಿನ ಸೆಟ್ಟನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ನಾಳೆಯಿಂದ ಫೋನು ಹಿಡಿದು ಒಬ್ಬೊಬ್ಬರನ್ನೇ ಕೇಳಿ ಎಲ್ಲ ಪುಟ ಸರಿಮಾಡುತ್ತೇನೆ, ಯಜಮಾನಿಯ ಹತ್ತಿರವೂ ಒಪ್ಪಿಕೊಳ್ಳುತ್ತೇನೆ ಎಂದು ಅವನು ಗೊಣಗಿದ.

"ಹಾಗಿದ್ರೆ ಮೊದಲು ನನ್ನನ್ನ ಕೇಳು," ಎಂದಳು ಅಕ್ಕ.

ಸಲೀಸು ತುಂಬಿದ್ದನ್ನು ತೆಗೆದು, ಖಾಲಿ ಮಾಡಿ, ಕೇಳಿದ. ಎತ್ತರ ಎಷ್ಟಿರಬೇಕು ಎಂದ. ಬಾಗಿಲಿಗೆ ಬಗ್ಗಿ ಬರುವಷ್ಟು ಎಂದಳು. ಉದ್ಯೋಗ ಎಂದ. ಕೈಗೆ ಗ್ರೀಸು ಮೆತ್ತಿಕೊಳ್ಳುವಂಥದ್ದು ಎಂದಳು. ಹವ್ಯಾಸ? ಪದಬಂಧ ಬರದಿದ್ದರೂ ಆದೀತು, ಬರುವವರ ಪಕ್ಕದಲ್ಲಿ ಕೂರಲು ಬೇಸರವಾಗಬಾರದು. ಆರೋಗ್ಯ? ಎರಡೂ ಕಿವಿ ಚೆನ್ನಾಗಿರಬೇಕು. ಕೊನೆಗೆ ಉಳಿದದ್ದು ಸ್ವಭಾವ. ಎಡಗಡೆ ಕೇಳಲ್ಲ ಅಂದರೆ, ಯಾಕೆ ಏನು ಅನ್ನದೆ ಎದ್ದು ಬಲಗಡೆ ಬಂದು ಕೂರುವವರು ಎಂದಳು. ಅವನು ಒಂದೊಂದು ಅಕ್ಷರವನ್ನೂ ಕೈಯಾರೆ ಒತ್ತಿದ.

ಉಳಿಸಲಾ ಅಕ್ಕ ಎಂದು ಕೇಳಿದ. ಬೇಡ, ಅಳಿಸಿಬಿಡು ಎಂದಳು.

"ಇರಲಿ ಬಿಡು," ಎಂದ ಸಲೀಸು. "ಇಂಥವರು ಇನ್ನೊಬ್ಬರು ಸಿಕ್ಕರೂ ಸಿಗಬಹುದು."

"ಸಿಗಬಹುದು. ನನಗೆ ಬೇಕಾಗಿದ್ದು ಇನ್ನೊಬ್ಬರಲ್ಲ."

ಅವಳು ಎದ್ದು ದೀಪ ಹಾಕಲು ಹೋದಳು. ಎಲ್ಲವನ್ನೂ ಒಂದೇ ಏಟಿಗೆ ಅಳಿಸುವ ದಾರಿ ಸಲೀಸುವಿಗೆ ಗೊತ್ತಿತ್ತು. ಆ ದಾರಿ ಹಿಡಿಯದೆ, ಒಂದೊಂದು ಖಾನೆಯನ್ನೂ ಇನ್ನೊಮ್ಮೆ ಓದಿ, ಒಂದೊಂದಾಗಿ ಖಾಲಿ ಮಾಡಿದ.